ವಿಶ್ವಕಿರಣಗಳ ಜಾಡಿನಲ್ಲಿ

ಬೆಂಗಳೂರಿನ ಪಶ್ಚಿಮಕ್ಕೆ ಕೆಂಗೇರಿಯನ್ನು ದಾಟಿ ಮುಂದೆ ಸಾಗಿದರೆ ಬ್ಯಾಲಾಳು ಎಂಬ ಗ್ರಾಮವು ಸಿಗುತ್ತದೆ. ಸುತ್ತಲೂ ಗುಡ್ಡಗಳು, ನಡುವೆ ಬಟ್ಟಲಿನಂತೆ ತಗ್ಗಾದ ನೆಲ. ಆ ನೆಲದಲ್ಲಿ ಹದಿನೆಂಟು ಮೀಟರ್ ಹಾಗೂ ಮೂವತ್ತೆರಡು ಮೀಟರ್ ವ್ಯಾಸದ ಬೃಹತ್ ಆಂಟೆನಾಗಳು ಆಕಾಶಕ್ಕೆ ಮೊಗವೊಡ್ಡಿ ನಿಂತಿವೆ. ಲಕ್ಷಾಂತರ ಕಿಲೋಮೀಟರ್ ದೂರದ ನೌಕೆಗಳಿಂದ ಹೊರಟ ಅತಿ ಕ್ಷೀಣವಾದ ರೇಡಿಯೋ ಅಲೆಗಳನ್ನು ಇವು ಹಿಡಿದುಕೊಳ್ಳುತ್ತವೆ. ನಗರದ ಗದ್ದಲವು ಆ ಅಲೆಗಳನ್ನು ಕೆಡಿಸದಂತೆ ಸುತ್ತಲಿನ ಗುಡ್ಡಗಳು ಮರೆಯಾಗಿ ನಿಂತಿವೆ. ೨೦೦೮ರಲ್ಲಿ ಚಂದ್ರಯಾನ-೧ ನೌಕೆಯು ಚಂದ್ರನತ್ತ ಪಯಣಿಸಿದಾಗ ಅದರಲ್ಲಿದ್ದ ಒಂದು ಪುಟ್ಟ ಉಪಕರಣವು ದಾರಿಯುದ್ದಕ್ಕೂ ಅಂತರಿಕ್ಷದ ವಿಕಿರಣವನ್ನು ಅಳೆಯಿತು. ಆ ನೌಕೆಯ ದನಿಯನ್ನು ಆಲಿಸಲೆಂದೇ ಈ ಕೇಂದ್ರವು ಸಿದ್ಧವಾಗಿತ್ತು.

ಅಂತರಿಕ್ಷದಿಂದ ಬರುವ ಕಣ್ಣಿಗೆ ಕಾಣದ ಈ ಕಿರಣಗಳನ್ನು ಎಣಿಸುವ ಕಾರ್ಯವು ಬೆಂಗಳೂರಿಗೆ ಹೊಸದಲ್ಲ. ಎಂಟು ದಶಕಗಳಿಗೂ ಹಿಂದೆ, ಉಪಗ್ರಹವೆಂಬ ಮಾತೇ ಜನರ ಬಾಯಲ್ಲಿ ಇಲ್ಲದಿದ್ದ ಕಾಲದಲ್ಲಿ, ಒಬ್ಬ ತರುಣ ವಿಜ್ಞಾನಿಯು ಇದೇ ನಗರದಲ್ಲಿ ಕುಳಿತು ಹಗಲಿರುಳೂ ಅವುಗಳನ್ನು ಎಣಿಸುತ್ತಿದ್ದನು. ಮುಂದೆ ಭಾರತದ ಅಂತರಿಕ್ಷ ಸಂಶೋಧನೆಯ ಜನಕರೆಂದು ಖ್ಯಾತರಾದ ಡಾ. ವಿಕ್ರಮ್ ಸಾರಾಭಾಯಿಯವರೇ ಆ ತರುಣರು.

ವಿಕ್ರಮ್ ಅವರು ೧೯೧೯ನೆಯ ಇಸವಿ ಆಗಸ್ಟ್ ೧೨ರಂದು ಅಹಮದಾಬಾದಿನಲ್ಲಿ ಜನಿಸಿದರು. ತಂದೆ ಅಂಬಾಲಾಲ್ ಸಾರಾಭಾಯಿ, ತಾಯಿ ಸರಳಾದೇವಿ. ಬಟ್ಟೆಯ ಗಿರಣಿಗಳ ಒಡೆತನದಿಂದ ಸಿರಿವಂತವಾಗಿದ್ದ ಆ ಮನೆತನವು ದೇಶಸೇವೆಗೂ ಹೆಸರಾಗಿತ್ತು. ಮಹಾತ್ಮಾ ಗಾಂಧಿ, ರವೀಂದ್ರನಾಥ ಠಾಕೂರರಂಥ ಮಹನೀಯರು ಆ ಮನೆಗೆ ಅತಿಥಿಗಳಾಗಿ ಬರುತ್ತಿದ್ದರು. ತಂದೆತಾಯಿಗಳು ಮಕ್ಕಳನ್ನು ಹೊರಗಿನ ಶಾಲೆಗೆ ಕಳುಹಿಸದೆ ಮನೆಯ ಆವರಣದಲ್ಲಿಯೇ ಶಾಲೆಯನ್ನು ಏರ್ಪಡಿಸಿದ್ದರು. ಬಾಯಿಪಾಠಕ್ಕಿಂತ ಕೈಯಾರೆ ಮಾಡಿ ಕಲಿಯುವುದಕ್ಕೆ ಅಲ್ಲಿ ಹೆಚ್ಚಿನ ಮನ್ನಣೆಯಿತ್ತು. ಮುಂದೆ ವಿಕ್ರಮ್ ಅವರು ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಓದಿ, ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯವನ್ನು ಸೇರಿದರು.

ಅವರು ಅಲ್ಲಿ ಪದವಿಯನ್ನು ಪಡೆಯುವ ಹೊತ್ತಿಗೆ ಎರಡನೆಯ ಮಹಾಯುದ್ಧವು ಯುರೋಪನ್ನು ಆವರಿಸಿತ್ತು. ವ್ಯಾಸಂಗವನ್ನು ಅಲ್ಲಿಯೇ ಮುಂದುವರಿಸುವುದು ಸಾಧ್ಯವಾಗದೆ ಅವರು ಸ್ವದೇಶಕ್ಕೆ ಮರಳಿದರು. ಬೇಕೆಂದಿದ್ದರೆ ತಂದೆಯ ಗಿರಣಿಗಳ ಆಡಳಿತವನ್ನು ವಹಿಸಿಕೊಂಡು ಸುಖವಾಗಿ ಇರಬಹುದಾಗಿತ್ತು. ಆದರೆ ಅವರು ಹಿಡಿದದ್ದು ಬೆಂಗಳೂರಿನ ದಾರಿ. ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೊಬೆಲ್ ಪುರಸ್ಕೃತರಾದ ಸರ್ ಸಿ. ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆಗೆ ತೊಡಗಿದರು. ಅದೇ ಕಾಲದಲ್ಲಿ ಅದೇ ಸಂಸ್ಥೆಯಲ್ಲಿ ಹೋಮಿ ಭಾಭಾ ಅವರೂ ಇದ್ದರು. ಇಬ್ಬರ ಆಸಕ್ತಿಯೂ ಒಂದೇ ವಿಷಯದತ್ತ ಹರಿದಿತ್ತು. ಅದು ವಿಶ್ವಕಿರಣಗಳ ಅಧ್ಯಯನ.

ವಿಶ್ವಕಿರಣಗಳೆಂದರೇನು? ೧೯೧೨ರಲ್ಲಿ ಆಸ್ಟ್ರಿಯಾ ದೇಶದ ವಿಕ್ಟರ್ ಹೆಸ್ ಎಂಬ ವಿಜ್ಞಾನಿಯು ಬಲೂನನ್ನೇರಿ ಐದು ಕಿಲೋಮೀಟರಿಗೂ ಎತ್ತರಕ್ಕೆ ಹೋಗಿ ವಿಕಿರಣವನ್ನು ಅಳೆದನು. ವಿಕಿರಣವು ನೆಲದಿಂದಲೇ ಹೊಮ್ಮುವುದಾದರೆ ಮೇಲೇರಿದಂತೆ ಅದು ಕಡಿಮೆಯಾಗಬೇಕಾಗಿತ್ತು. ಆದರೆ ಅದು ಹೆಚ್ಚುತ್ತ ಹೋಯಿತು. ಅದು ಭೂಮಿಯ ಹೊರಗಿನಿಂದ ಬರುತ್ತಿದೆಯೆಂಬುದು ಹೀಗೆ ತಿಳಿಯಿತು. ಇವುಗಳಿಗೆ ಕಿರಣಗಳೆಂದು ಹೆಸರಿದ್ದರೂ ಇವು ಬಹುಪಾಲು ವಿದ್ಯುದಾವೇಶವುಳ್ಳ ಸೂಕ್ಷ್ಮ ಕಣಗಳು. ಅವುಗಳಲ್ಲಿ ಪ್ರೋಟಾನುಗಳೇ ಅಧಿಕ. ಬೆಳಕಿನ ವೇಗಕ್ಕೆ ಸಮೀಪವಾದ ವೇಗದಲ್ಲಿ ಬಂದು ಅವು ವಾಯುಮಂಡಲದ ಪರಮಾಣುಗಳಿಗೆ ಬಡಿದಾಗ ಹೊಸ ಕಣಗಳ ಸುರಿಮಳೆಯೇ ಉಂಟಾಗುತ್ತದೆ. ಆ ಮಳೆಯ ಹನಿಗಳು ನಮ್ಮ ಅರಿವಿಗೆ ಬಾರದಂತೆ ನಮ್ಮ ದೇಹದ ಮೂಲಕವೂ ಸದಾ ಹಾದುಹೋಗುತ್ತಿರುತ್ತವೆ.

ಇವುಗಳನ್ನು ಎಣಿಸಲು ವಿಕ್ರಮ್ ಅವರು ಬಳಸಿದ್ದು ಗೈಗರ್ ಕೌಂಟರ್ ಎಂಬ ಸಾಧನವನ್ನು. ಅದು ಅನಿಲವನ್ನು ತುಂಬಿದ ಒಂದು ನಳಿಗೆ. ಕಣವೊಂದು ಅದರೊಳಗೆ ಹಾದರೆ ವಿದ್ಯುತ್ತಿನ ಒಂದು ಮಿಡಿತವು ಉಂಟಾಗುತ್ತದೆ. ಒಂದೇ ನಳಿಗೆಯಿದ್ದರೆ ಕಣವು ಯಾವ ದಿಕ್ಕಿನಿಂದ ಬಂದಿತೆಂದು ಹೇಳಲಾಗದು. ಆದ್ದರಿಂದ ನಳಿಗೆಗಳನ್ನು ಒಂದರ ಮೇಲೊಂದರಂತೆ ನಿಲ್ಲಿಸಿ, ಎಲ್ಲದರಲ್ಲಿಯೂ ಏಕಕಾಲಕ್ಕೆ ಮಿಡಿತವುಂಟಾದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಾಡಿಕೆ. ಕೋಟೆಯ ಬಾಗಿಲುಗಳನ್ನೆಲ್ಲ ನೇರವಾಗಿ ದಾಟಿ ಬಂದವನನ್ನು ಮಾತ್ರ ಎಣಿಸುವ ಕಾವಲುಗಾರನಂತೆ ಈ ಜೋಡಣೆಯು ಮೇಲಿನಿಂದ ನೇರವಾಗಿ ಇಳಿದ ಕಣವನ್ನು ಮಾತ್ರ ಎಣಿಸುತ್ತದೆ.

ಉಳಿದವರು ಈ ಕಣಗಳು ಎಂಥವು ಎಂದು ಅರಸುತ್ತಿದ್ದರೆ ವಿಕ್ರಮ್ ಅವರು ಬೇರೊಂದು ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಈ ಕಣಗಳ ಸಂಖ್ಯೆಯು ಕಾಲಕಾಲಕ್ಕೆ ಬದಲಾಗುವುದೇ? ಹಗಲಿಗೂ ಇರುಳಿಗೂ, ಒಂದು ತಿಂಗಳಿಗೂ ಮತ್ತೊಂದಕ್ಕೂ ವ್ಯತ್ಯಾಸವುಂಟೇ? ಇದ್ದರೆ ಅದರಲ್ಲಿ ಸೂರ್ಯನ ಪಾತ್ರವೇನು? ಕೇಳಲು ಸರಳವಾದ ಈ ಪ್ರಶ್ನೆಗೆ ಉತ್ತರವನ್ನು ಪಡೆಯುವುದು ಅತ್ಯಂತ ತಾಳ್ಮೆಯ ಕೆಲಸ. ವ್ಯತ್ಯಾಸವು ಅತ್ಯಲ್ಪವಾದುದರಿಂದ ಎಣಿಕೆಯನ್ನು ಎಡೆಬಿಡದೆ ಬಹುಕಾಲ ನಡೆಸಬೇಕು. ಗಾಳಿಯ ಒತ್ತಡವು ಹೆಚ್ಚಾದರೆ ನೆಲವನ್ನು ತಲಪುವ ಕಣಗಳು ಕಡಿಮೆಯಾಗುತ್ತವೆ. ಆ ಲೆಕ್ಕವನ್ನೂ ಕಳೆಯಬೇಕು. ೧೯೪೨ರಲ್ಲಿ ಈ ವಿಷಯವನ್ನು ಕುರಿತ ಅವರ ಮೊದಲ ಸಂಶೋಧನ ಲೇಖನವು ಪ್ರಕಟವಾಯಿತು. ಬೆಂಗಳೂರು ಭೂಮಿಯ ಕಾಂತೀಯ ಸಮಭಾಜಕಕ್ಕೆ ಸಮೀಪದಲ್ಲಿರುವುದು ಈ ಅಧ್ಯಯನಕ್ಕೆ ಒದಗಿದ ಒಂದು ವಿಶೇಷ. ಅಲ್ಲಿ ಭೂಮಿಯ ಕಾಂತಕ್ಷೇತ್ರವು ಕಡಿಮೆ ಶಕ್ತಿಯ ಕಣಗಳನ್ನು ತಡೆದು ಹೊರಗೆ ದೂಡುತ್ತದೆ. ಬಲಶಾಲಿಯಾದ ಕಣಗಳು ಮಾತ್ರ ಒಳನುಗ್ಗುತ್ತವೆ.

ಬೆಂಗಳೂರಿನ ದಿನಗಳು ಅವರ ಬಾಳಿಗೆ ಒಬ್ಬ ಸಂಗಾತಿಯನ್ನೂ ತಂದುಕೊಟ್ಟವು. ಖ್ಯಾತ ನೃತ್ಯ ಕಲಾವಿದೆಯಾದ ಮೃಣಾಲಿನಿ ಸ್ವಾಮಿನಾಥನ್ ಅವರನ್ನು ೧೯೪೨ರಲ್ಲಿ ಅವರು ವಿವಾಹವಾದರು. ಯುದ್ಧವು ಮುಗಿದ ಬಳಿಕ ೧೯೪೫ರಲ್ಲಿ ಮರಳಿ ಕೇಂಬ್ರಿಜಿಗೆ ತೆರಳಿ, ಉಷ್ಣವಲಯದ ಪ್ರದೇಶಗಳಲ್ಲಿ ವಿಶ್ವಕಿರಣಗಳ ಅನ್ವೇಷಣೆಯನ್ನು ಕುರಿತ ಪ್ರಬಂಧಕ್ಕಾಗಿ ೧೯೪೭ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು.

ಅದೇ ವರ್ಷ ಭಾರತವು ಸ್ವತಂತ್ರವಾಯಿತು. ತಾಯ್ನಾಡಿಗೆ ಮರಳಿದ ಇಪ್ಪತ್ತೆಂಟು ವರ್ಷದ ವಿಕ್ರಮ್ ಅವರು ೧೯೪೭ನೆಯ ಇಸವಿ ನವೆಂಬರ್ ೧೧ರಂದು ಅಹಮದಾಬಾದಿನಲ್ಲಿ ಭೌತ ಸಂಶೋಧನ ಪ್ರಯೋಗಾಲಯವನ್ನು ಸ್ಥಾಪಿಸಿದರು. ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ವಿಜ್ಞಾನ ಕಾಲೇಜೊಂದರ ಕೆಲವು ಕೊಠಡಿಗಳಲ್ಲಿ ಅದು ಆರಂಭವಾಯಿತು. ಹಿರಿಯ ಹವಾಮಾನ ವಿಜ್ಞಾನಿಗಳಾದ ಕೆ. ಆರ್. ರಾಮನಾಥನ್ ಅವರನ್ನು ಪ್ರಥಮ ನಿರ್ದೇಶಕರನ್ನಾಗಿ ಬರಮಾಡಿಕೊಂಡರು. ಅಹಮದಾಬಾದಿನಲ್ಲಿ ಮಾತ್ರವಲ್ಲದೆ ದಕ್ಷಿಣದ ಕೊಡೈಕನಾಲ್ ಮತ್ತು ತಿರುವನಂತಪುರಗಳಲ್ಲಿಯೂ ಉತ್ತರದ ಗುಲ್ಮಾರ್ಗಿನಲ್ಲಿಯೂ ವಿಶ್ವಕಿರಣಗಳ ಎಣಿಕೆಯು ನಡೆಯಿತು. ಬೆಂಗಳೂರಿನ ಕೊಠಡಿಯೊಂದರಲ್ಲಿ ಮೊದಲಾದ ಕೆಲಸವು ಹೀಗೆ ದೇಶದ ಉದ್ದಗಲಕ್ಕೆ ಹಬ್ಬಿತು.

ಇಷ್ಟಾದರೂ ಒಂದು ತೊಡಕು ಉಳಿದೇ ಇತ್ತು. ವಾಯುಮಂಡಲದ ತಳದಲ್ಲಿ ನಿಂತು ವಿಶ್ವಕಿರಣಗಳನ್ನು ಅಳೆಯುವುದೆಂದರೆ ಕೆರೆಯ ತಳದಲ್ಲಿ ಕುಳಿತು ಮೇಲೆ ಸುರಿಯುವ ಮಳೆಯನ್ನು ಅಳೆದಂತೆ. ನೆಲಕ್ಕೆ ಬರುವುದು ಮೂಲ ಕಣವಲ್ಲ, ಅದರ ಸಂತತಿ. ಮೂಲವನ್ನೇ ಕಾಣಬೇಕಾದರೆ ಗಾಳಿಯ ತೆರೆಯನ್ನು ದಾಟಿ ಮೇಲೇರಬೇಕು. ಬಲೂನು ಏರಿದರೂ ಅದರ ಮೇಲೆ ಸ್ವಲ್ಪ ಗಾಳಿಯು ಇದ್ದೇ ಇರುತ್ತದೆ. ರಾಕೆಟ್ಟು ಅದನ್ನು ದಾಟಿದರೂ ಕೆಲವೇ ನಿಮಿಷಗಳಲ್ಲಿ ಕೆಳಗೆ ಬೀಳುತ್ತದೆ. ಗಾಳಿಯಿಲ್ಲದ ಎಡೆಯಲ್ಲಿ ತಿಂಗಳುಗಟ್ಟಲೆ ನಿಂತು ಎಣಿಸಬಲ್ಲದ್ದು ಉಪಗ್ರಹವೊಂದೇ.

ಅಂಥ ಉಪಗ್ರಹವು ದೊಡ್ಡದಾಗಿರಬೇಕೆಂದೇನೂ ಇಲ್ಲ. ೧೯೫೮ನೆಯ ಇಸವಿ ಜನವರಿ ೩೧ರಂದು ಅಮೆರಿಕವು ಹಾರಿಸಿದ ಎಕ್ಸ್‌ಪ್ಲೋರರ್-೧ ಉಪಗ್ರಹದ ತೂಕವು ಕೇವಲ ಹದಿನಾಲ್ಕು ಕಿಲೋಗ್ರಾಂ. ಅದರಲ್ಲಿ ಜೇಮ್ಸ್ ವಾನ್ ಆಲೆನ್ ಎಂಬ ವಿಜ್ಞಾನಿಯು ಒಂದು ಗೈಗರ್ ಕೌಂಟರನ್ನು ಇರಿಸಿದ್ದನು. ಉಪಗ್ರಹವು ಕೆಳಮಟ್ಟದಲ್ಲಿದ್ದಾಗ ಎಣಿಕೆಯು ನಿರೀಕ್ಷಿಸಿದಂತೆಯೇ ಬಂದಿತು. ಎತ್ತರಕ್ಕೇರಿದಾಗ ಮಾತ್ರ ಯಂತ್ರವು ಮೌನವಾಯಿತು. ಅಲ್ಲಿ ಕಣಗಳೇ ಇಲ್ಲವೇ, ಅಥವಾ ಯಂತ್ರವು ಕೆಟ್ಟಿತೇ? ನಿಜವಾದ ಕಾರಣವು ಎರಡೂ ಅಲ್ಲ. ಕಣಗಳು ಅತಿಯಾಗಿ ಮುತ್ತಿದ್ದರಿಂದ ಎಣಿಸಲಾರದೆ ಯಂತ್ರವು ಕಂಗೆಟ್ಟಿತ್ತು. ಮಾರ್ಚ್ ತಿಂಗಳಲ್ಲಿ ಮೇಲೇರಿದ ಎಕ್ಸ್‌ಪ್ಲೋರರ್-೩ ಇದನ್ನು ದೃಢಪಡಿಸಿತು. ಭೂಮಿಯ ಕಾಂತಕ್ಷೇತ್ರವು ಸೆರೆಹಿಡಿದಿರುವ ಕಣಗಳ ವಲಯಗಳು ಹೀಗೆ ಬೆಳಕಿಗೆ ಬಂದವು. ಅವುಗಳಿಗೆ ವಾನ್ ಆಲೆನ್ ವಲಯಗಳೆಂದೇ ಹೆಸರಾಯಿತು. ಶೂನ್ಯವೆಂದು ಕಂಡದ್ದು ಎಷ್ಟೋ ವೇಳೆ ಶೂನ್ಯವಲ್ಲ ಎಂಬ ಪಾಠವನ್ನೂ ಆ ಪುಟ್ಟ ಉಪಗ್ರಹವು ಕಲಿಸಿತು.

ಈ ಅರಿವು ಪಂಡಿತರ ಕುತೂಹಲಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಸೂರ್ಯನು ಕೆರಳಿದಾಗ ಹೊಮ್ಮುವ ಕಣಗಳು ಉಪಗ್ರಹಗಳ ಸೂಕ್ಷ್ಮ ವಿದ್ಯುತ್ ಮಂಡಲಗಳನ್ನು ಕೆಡಿಸಬಲ್ಲವು. ಗಗನಯಾತ್ರಿಗಳ ದೇಹಕ್ಕೆ ಅಪಾಯವನ್ನು ತರಬಲ್ಲವು. ಅಂತರಿಕ್ಷಕ್ಕೆ ಯಂತ್ರವನ್ನಾಗಲಿ ಮನುಷ್ಯನನ್ನಾಗಲಿ ಕಳುಹಿಸುವ ಮುನ್ನ ಅಲ್ಲಿನ ವಿಕಿರಣದ ಪ್ರಮಾಣವನ್ನು ತಿಳಿಯುವುದು ಅನಿವಾರ್ಯವಾಗಿದೆ.

ಭಾರತವೂ ಈ ದಾರಿಯಲ್ಲಿ ಹೆಜ್ಜೆಯಿಡಬೇಕೆಂದು ಸಾರಾಭಾಯಿಯವರು ನಿಶ್ಚಯಿಸಿದರು. ೧೯೬೨ರಲ್ಲಿ ಅವರ ಅಧ್ಯಕ್ಷತೆಯಲ್ಲಿ ಅಂತರಿಕ್ಷ ಸಂಶೋಧನೆಯ ರಾಷ್ಟ್ರೀಯ ಸಮಿತಿಯು ಏರ್ಪಟ್ಟಿತು. ಕಾಂತೀಯ ಸಮಭಾಜಕವು ಹಾದುಹೋಗುವ ತುಂಬಾ ಎಂಬ ಕೇರಳದ ಕಡಲತೀರದ ಬೆಸ್ತರ ಹಳ್ಳಿಯನ್ನು ರಾಕೆಟ್ ಉಡಾವಣೆಗೆ ಆರಿಸಿಕೊಳ್ಳಲಾಯಿತು. ಅಲ್ಲಿನ ಚರ್ಚು ಮತ್ತು ಬಿಷಪ್ಪರ ಮನೆ ಪ್ರಯೋಗಾಲಯವೂ ಕಚೇರಿಯೂ ಆಗಿ ಮಾರ್ಪಟ್ಟವು. ರಾಕೆಟ್ಟಿನ ಭಾಗಗಳನ್ನು ಸೈಕಲ್ಲಿನ ಮೇಲೆ ಸಾಗಿಸಿದ ಕಾಲವದು. ೧೯೬೩ನೆಯ ಇಸವಿ ನವೆಂಬರ್ ೨೧ರಂದು ಅಮೆರಿಕ ನೀಡಿದ ರಾಕೆಟ್ಟೊಂದು ಫ್ರಾನ್ಸ್ ದೇಶದ ಉಪಕರಣವನ್ನು ಹೊತ್ತು ತುಂಬಾದಿಂದ ಬಾನಿಗೇರಿತು. ನಾಲ್ಕು ವರ್ಷಗಳ ತರುವಾಯ, ೧೯೬೭ರ ನವೆಂಬರಿನಲ್ಲಿ, ದೇಶದಲ್ಲಿಯೇ ಸಿದ್ಧವಾದ ರೋಹಿಣಿ ಎಂಬ ಚಿಕ್ಕ ರಾಕೆಟ್ಟೂ ಹಾರಿತು.

ಬಡದೇಶಕ್ಕೆ ರಾಕೆಟ್ಟು, ಉಪಗ್ರಹಗಳ ಹಂಬಲವೇಕೆ ಎಂದು ಆಕ್ಷೇಪಿಸಿದವರು ಹಲವರಿದ್ದರು. ಅನ್ನ ಬಟ್ಟೆಗಳಿಗೆ ಪರದಾಡುವವರ ನಾಡಿನಲ್ಲಿ ಆ ಆಕ್ಷೇಪವನ್ನು ಅಲ್ಲಗಳೆಯುವುದು ಸುಲಭವಾಗಿರಲಿಲ್ಲ. ಸಾರಾಭಾಯಿಯವರು ಅದಕ್ಕೆ ಬೆನ್ನು ತಿರುಗಿಸಲಿಲ್ಲ. ಸಿರಿವಂತ ದೇಶಗಳೊಡನೆ ಪೈಪೋಟಿ ನಡೆಸುವುದು ತಮ್ಮ ಗುರಿಯಲ್ಲವೆಂದೂ ಶಿಕ್ಷಣ, ಹವಾಮಾನ, ಬೇಸಾಯಗಳಿಗೆ ಈ ವಿಜ್ಞಾನವು ನೆರವಾಗಬೇಕೆಂದೂ ಅವರು ಸಾರಿದರು. ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ತಲಪಿಸುವ ಯೋಜನೆಗಾಗಿ ೧೯೬೯ರಲ್ಲಿ ಅಮೆರಿಕದೊಡನೆ ಒಪ್ಪಂದವಾಯಿತು. ೧೯೭೫-೭೬ರಲ್ಲಿ ಅದು ಕೈಗೂಡಿದಾಗ ಅದರ ಫಲವನ್ನುಂಡ ಆರು ರಾಜ್ಯಗಳ ಹಳ್ಳಿಗಳಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು.

೧೯೬೬ರ ಜನವರಿಯಲ್ಲಿ ಭಾಭಾ ಅವರು ವಿಮಾನಾಪಘಾತದಲ್ಲಿ ಮಡಿದಾಗ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷತೆಯೂ ಸಾರಾಭಾಯಿಯವರ ಹೆಗಲೇರಿತು. ಅದೇ ವರ್ಷ ಸರ್ಕಾರವು ಅವರನ್ನು ಪದ್ಮಭೂಷಣ ಪ್ರಶಸ್ತಿಯಿಂದ ಗೌರವಿಸಿತು. ೧೯೬೯ನೆಯ ಇಸವಿ ಆಗಸ್ಟ್ ೧೫ರಂದು ಭಾರತೀಯ ಅಂತರಿಕ್ಷ ಸಂಶೋಧನ ಸಂಸ್ಥೆಯು ಜನ್ಮ ತಳೆಯಿತು. ಇಷ್ಟೆಲ್ಲ ಹೊಣೆಗಳ ನಡುವೆಯೂ ಅವರು ವಿಶ್ವಕಿರಣಗಳನ್ನಾಗಲಿ, ಶಿಷ್ಯರನ್ನಾಗಲಿ ಮರೆಯಲಿಲ್ಲ.

ಆ ಶಿಷ್ಯರಲ್ಲಿ ಕನ್ನಡ ನಾಡಿನವರೊಬ್ಬರಿದ್ದರು. ಉಡುಪಿಯ ಸಮೀಪದ ಅದಮಾರು ಗ್ರಾಮದಲ್ಲಿ ೧೯೩೨ರಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾವ್ ಅವರೇ ಅವರು. ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳನ್ನು ಅಭ್ಯಸಿಸಿ ಡಾಕ್ಟರೇಟ್ ಪಡೆದ ಅವರು ಅಮೆರಿಕಕ್ಕೆ ತೆರಳಿ, ಸೂರ್ಯನನ್ನು ಸುತ್ತುವ ಪಯೋನಿಯರ್ ನೌಕೆಗಳ ವಿಶ್ವಕಿರಣ ಪ್ರಯೋಗಗಳಲ್ಲಿ ಪಾಲ್ಗೊಂಡಿದ್ದರು. ೧೯೬೬ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಿದರು. ಗುರುವು ನೆಲದ ಮೇಲೆ ನಿಂತು ಕೇಳಿದ ಪ್ರಶ್ನೆಯನ್ನು ಶಿಷ್ಯನು ಅಂತರಿಕ್ಷದಲ್ಲಿಯೇ ಕೇಳಿ ಬಂದಿದ್ದನು. ಭಾರತವೇ ಒಂದು ಉಪಗ್ರಹವನ್ನು ನಿರ್ಮಿಸಬೇಕೆಂಬ ಆಲೋಚನೆಯಲ್ಲಿ ಸಾರಾಭಾಯಿಯವರು ಈ ಶಿಷ್ಯನನ್ನು ತೊಡಗಿಸಿದರು.

ಆದರೆ ಆ ಉಪಗ್ರಹವನ್ನು ಕಾಣುವ ಭಾಗ್ಯವು ಅವರಿಗಿರಲಿಲ್ಲ. ೧೯೭೧ನೆಯ ಇಸವಿ ಡಿಸೆಂಬರ್ ೩೦ರಂದು ತಿರುವನಂತಪುರದ ಬಳಿಯ ಕೋವಳದಲ್ಲಿ ಅವರು ಹಠಾತ್ತನೆ ನಿಧನರಾದರು. ಅವರಿಗೆ ಆಗ ಕೇವಲ ಐವತ್ತೆರಡು ವರ್ಷ. ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿಯು ಅವರಿಗೆ ಸಂದಿತು.

ಹಿರಿಯರು ಕಣ್ಮರೆಯಾದರೂ ಕಾರ್ಯವು ನಿಲ್ಲಲಿಲ್ಲ. ೧೯೭೨ರ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾಯಿತು. ಉಪಗ್ರಹವು ಭಾರತದ್ದು, ಅದನ್ನು ಹಾರಿಸುವ ರಾಕೆಟ್ಟು ಸೋವಿಯತ್ ದೇಶದ್ದು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರು ಅದೇ ವರ್ಷ ಅಂತರಿಕ್ಷ ಸಂಸ್ಥೆಯ ಚುಕ್ಕಾಣಿಯನ್ನು ಹಿಡಿದರು. ರಾಮಚಂದ್ರ ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಕೆಲಸವು ಮೊದಲಾಯಿತು. ಅಲ್ಲಿ ನೆರೆದ ತರುಣರಲ್ಲಿ ಬಹುತೇಕರು ಅದುವರೆಗೆ ಉಪಗ್ರಹವನ್ನು ಕಣ್ಣಾರೆ ಕಂಡವರೂ ಅಲ್ಲ. ಸ್ಥಳದ ಅಭಾವ ಎಷ್ಟಿತ್ತೆಂದರೆ ಉಪಗ್ರಹದಿಂದ ಬರುವ ಮಾಹಿತಿಯನ್ನು ಪಡೆಯುವುದಕ್ಕಾಗಿ ಒಂದು ಶೌಚಾಲಯವನ್ನೇ ಕೊಠಡಿಯಾಗಿ ಮಾರ್ಪಡಿಸಬೇಕಾಯಿತು. ಮೂರು ವರ್ಷಗಳೊಳಗಾಗಿ ಇಪ್ಪತ್ತಾರು ಮುಖಗಳ, ೩೬೦ ಕಿಲೋಗ್ರಾಂ ತೂಕದ ಉಪಗ್ರಹವು ಸಿದ್ಧವಾಯಿತು. ಪ್ರಾಚೀನ ಭಾರತದ ಗಣಿತಜ್ಞನ ನೆನಪಿಗಾಗಿ ಅದಕ್ಕೆ ಆರ್ಯಭಟ ಎಂದು ಹೆಸರಿಡಲಾಯಿತು.

೧೯೭೫ನೆಯ ಇಸವಿ ಏಪ್ರಿಲ್ ೧೯ರಂದು ಆರ್ಯಭಟವು ಸೋವಿಯತ್ ನೆಲದಿಂದ ಮೇಲೇರಿ ಸುಮಾರು ಆರುನೂರು ಕಿಲೋಮೀಟರ್ ಎತ್ತರದ ಕಕ್ಷೆಯನ್ನು ಸೇರಿತು. ದೂರದ ಆಕಾಶಕಾಯಗಳಿಂದ ಬರುವ ಎಕ್ಸ್-ಕಿರಣಗಳು, ಸೂರ್ಯನಿಂದ ಹೊಮ್ಮುವ ನ್ಯೂಟ್ರಾನುಗಳು ಮತ್ತು ಗಾಮಾ ಕಿರಣಗಳು, ಮೇಲ್ವಾಯುಮಂಡಲದ ಸ್ಥಿತಿ ಇವುಗಳನ್ನು ಅಳೆಯುವ ಮೂರು ಪ್ರಯೋಗಗಳು ಅದರಲ್ಲಿದ್ದವು. ದೇಶವೆಲ್ಲ ಹಿಗ್ಗಿತು. ಆದರೆ ಐದು ದಿನಗಳೊಳಗೆ, ಪ್ರಯೋಗಗಳಿಗೆ ವಿದ್ಯುತ್ತನ್ನು ಒದಗಿಸುವ ವ್ಯವಸ್ಥೆಯಲ್ಲಿ ದೋಷವುಂಟಾಗಿ ಅವನ್ನು ನಿಲ್ಲಿಸಬೇಕಾಯಿತು. ವರ್ಷಗಳ ಶ್ರಮದಿಂದ ಸಿದ್ಧವಾದ ಉಪಕರಣಗಳಿಗೆ ದೊರೆತದ್ದು ಕೆಲವೇ ದಿನಗಳ ಆಯುಷ್ಯ.

ಇದನ್ನು ಸೋಲೆನ್ನಬೇಕೇ? ಉಪಗ್ರಹದ ಉಳಿದ ಅಂಗಗಳು ಕೆಲಸವನ್ನು ನಿಲ್ಲಿಸಲಿಲ್ಲ. ೧೯೮೧ರ ಮಾರ್ಚ್ ತಿಂಗಳವರೆಗೂ ಅದರೊಡನೆ ಸಂಪರ್ಕವು ಉಳಿದಿತ್ತು. ೧೯೯೨ರ ಫೆಬ್ರುವರಿಯಲ್ಲಿ ಅದು ವಾಯುಮಂಡಲವನ್ನು ಹೊಕ್ಕು ಉರಿದುಹೋಯಿತು. ಅಳತೆಯ ಕೆಲಸವು ಅರ್ಧಕ್ಕೆ ನಿಂತರೂ ಉಪಗ್ರಹವನ್ನು ನಿರ್ಮಿಸಿ ನಡೆಸುವ ವಿದ್ಯೆಯು ಕೈವಶವಾಗಿತ್ತು. ಆ ದೋಷವನ್ನು ಮರೆಮಾಚದೆ, ಅದರಿಂದ ಕಲಿತುದನ್ನು ಮುಂದಿನ ಉಪಗ್ರಹಗಳಿಗೆ ಅಳವಡಿಸಿದರು. ಆರ್ಯಭಟದ ಚಿತ್ರವು ಎರಡು ರೂಪಾಯಿಯ ನೋಟಿನ ಮೇಲೆ ಅಚ್ಚಾಗಿ ಮನೆಮನೆಯನ್ನೂ ಸೇರಿತು.

ಅರ್ಧಕ್ಕೆ ನಿಂತ ಎಣಿಕೆಯನ್ನು ಮುಂದಿನವರು ಮತ್ತೆ ಹಿಡಿದರು. ೨೦೧೧ರ ಏಪ್ರಿಲ್ ೨೦ರಂದು ಹಾರಿದ ಯೂತ್‌ಸ್ಯಾಟ್ ಎಂಬ ೯೨ ಕಿಲೋಗ್ರಾಂ ತೂಕದ ಪುಟ್ಟ ಉಪಗ್ರಹವು ಸೂರ್ಯನ ವಿಕಿರಣವನ್ನು ಅಳೆಯುವ ರಷ್ಯದ ಉಪಕರಣವೊಂದನ್ನು ಹೊತ್ತಿತ್ತು. ೨೦೨೩ರ ಸೆಪ್ಟೆಂಬರ್ ೨ರಂದು ಹೊರಟ ಆದಿತ್ಯ-ಎಲ್೧ ನೌಕೆಯು ಭೂಮಿಯಿಂದ ಸುಮಾರು ಹದಿನೈದು ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ೨೦೨೪ರ ಜನವರಿ ೬ರಂದು ಸೇರಿತು. ಸೂರ್ಯನಿಂದ ಹರಿದುಬರುವ ಕಣಗಳನ್ನು ಎಣಿಸುವ ಅದರ ಒಂದು ಉಪಕರಣವು ಸಿದ್ಧವಾದದ್ದು ಅಹಮದಾಬಾದಿನ ಭೌತ ಸಂಶೋಧನ ಪ್ರಯೋಗಾಲಯದಲ್ಲಿ. ಸಾರಾಭಾಯಿಯವರು ಕೆಲವು ಕೊಠಡಿಗಳಲ್ಲಿ ಆರಂಭಿಸಿದ ಪ್ರಯೋಗಾಲಯವೇ ಅದು. ಆ ಎಣಿಕೆಗಳನ್ನು ಸಂಗ್ರಹಿಸುವ ಕೇಂದ್ರವಿರುವುದು ಕೆಂಗೇರಿಯಾಚೆಯ ಅದೇ ಬ್ಯಾಲಾಳಿನಲ್ಲಿ.

ಚಂದ್ರನ ಮೇಲಿನ ಒಂದು ಕುಳಿಗೆ ೧೯೭೩ರಲ್ಲಿ ಸಾರಾಭಾಯಿಯವರ ಹೆಸರನ್ನು ಇಡಲಾಯಿತು. ೨೦೨೩ರ ಆಗಸ್ಟ್ ೨೩ರಂದು ಚಂದ್ರನ ದಕ್ಷಿಣ ಭಾಗದಲ್ಲಿ ಇಳಿದ ಭಾರತದ ನೌಕೆಯ ಹೆಸರೂ ವಿಕ್ರಮ್. ಆದರೂ ಅವರ ನಿಜವಾದ ಸ್ಮಾರಕವು ಇವುಗಳಲ್ಲಿಲ್ಲ. ಉತ್ತರವು ತನ್ನ ಜೀವಿತಕಾಲದಲ್ಲಿ ದೊರೆಯದಿರಬಹುದೆಂದು ತಿಳಿದೂ ಒಳ್ಳೆಯ ಪ್ರಶ್ನೆಯೊಂದನ್ನು ಕೇಳಿ, ಅದನ್ನು ಮುಂದುವರಿಸಬಲ್ಲವರನ್ನು ಸಿದ್ಧಗೊಳಿಸುವವನೇ ನಿಜವಾದ ಗುರು. ಬೆಂಗಳೂರಿನಲ್ಲಿ ಒಬ್ಬ ತರುಣನು ಆರಂಭಿಸಿದ ಎಣಿಕೆಯು ಅದೇ ಬೆಂಗಳೂರಿನ ಅಂಚಿನಲ್ಲಿ ಮುಂದುವರಿದುದೇ ವಿಕ್ರಮ್ ಸಾರಾಭಾಯಿಯವರ ಬಾಳಿನ ಸಾರ್ಥಕತೆಗೆ ಸಾಕ್ಷಿಯಾಗಿದೆ.